ಏಳೂವರೆಯ ಬಸ್ಸು

ಕೆಂಗೇರಿ ಬಸ್ ಟರ್ಮಿನಲ್ ಮೆಟ್ರೊ ನಿಲ್ದಾಣದ ತಪಾಸಣೆ ಯಂತ್ರದೊಳಗೆ ನನ್ನ ಚೀಲ ಹೋಗಿ ಹೊರಗೆ ಬಂತು. ತೆರೆಯನ್ನು ನೋಡುತ್ತಿದ್ದ ಹುಡುಗಿ, "ಅಮ್ಮಾ, ಬಾಟಲಿಯಲ್ಲಿ ಏನಿದೆ?" ಎಂದು ಕೇಳಿದಳು. ಕಾಚಂಪುಳಿ ಎಂದೆ. ಅವಳಿಗೆ ತಿಳಿಯಲಿಲ್ಲ. ತೆಗೆದು ತೋರಿಸಿದೆ. ಹಳೆಯ ಇಂಜಿನ್ ಆಯಿಲ್‌ನಷ್ಟು ಕಪ್ಪು, ಅಷ್ಟೇ ಮಂದ. ನೋಡಿದವರಿಗೆ ಅನುಮಾನ ಬರುವುದು ಸಹಜವೇ. ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ತಂದಳು, ಮುಖ ಹಿಂಡಿದಳು, ಮುಚ್ಚಿ ಕೊಟ್ಟಳು. "ಹುಳಿ ಮಗಳೇ, ಸಾರಿಗೆ ಹಾಕುವುದು" ಎಂದೆ. ಯಾವ ಸಾರಿಗೆ ಎಂದು ಹೇಳಲು ಹೋಗಲಿಲ್ಲ.

ಈ ಹುಳಿಯ ಪಂಚಾಯಿತಿ ಮುಗಿಸಿ ಮೇಲಿನ ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ರೈಲಿನ ಬಾಗಿಲು ಮುಚ್ಚುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಬಲಗೈ ಎತ್ತಿ ಅಡ್ಡ ಹಿಡಿದೆ. ಐವತ್ತು ವರ್ಷದ ಅಭ್ಯಾಸ, ತಲೆಯನ್ನು ಕೇಳದೆಯೇ ಕೈ ಎದ್ದಿತು. ರೈಲು ಹೊರಟುಹೋಯಿತು. ಪಕ್ಕದಲ್ಲಿದ್ದ ಹುಡುಗ ನಗು ತಡೆದುಕೊಂಡು, "ಆಂಟಿ, ಇನ್ನೊಂದು ಬರುತ್ತದೆ" ಎಂದ.

ಇನ್ನೊಂದು ಬರುತ್ತದೆ. ನಮ್ಮ ಕಡೆ ಈ ಮಾತನ್ನು ಬಸ್ಸಿನ ವಿಷಯದಲ್ಲಿ ಯಾರೂ ಆಡಿದ್ದು ನನಗೆ ನೆನಪಿಲ್ಲ. ನಮ್ಮ ಮನೆ ಇರುವುದು ಮಡಿಕೇರಿ–ಭಾಗಮಂಡಲ ರಸ್ತೆಯ ಚೇರಂಬಾಣೆಯಿಂದ ಒಳಕ್ಕೆ ಆರು ಕಿ.ಮೀ. ಮುಖ್ಯ ರಸ್ತೆಯಲ್ಲಿ ಸರ್ಕಾರಿ ಬಸ್ಸೂ ಓಡುತ್ತದೆ, ಖಾಸಗಿಯೂ ಓಡುತ್ತದೆ. ನಮ್ಮ ಒಳರಸ್ತೆಗೆ ಬರುವುದು ಒಂದೇ ಖಾಸಗಿ ಬಸ್ಸು, ದಿನಕ್ಕೆ ನಾಲ್ಕು ಸಲ. ತೋಟದ ಗೇಟಿನಲ್ಲಿ, ಕಣದ ಮುಂದೆ, ಸೇತುವೆಯ ಆಚೆ ಬದಿ, ಎಲ್ಲಿ ಕೈ ಅಡ್ಡ ಹಿಡಿದರೂ ಅದು ನಿಲ್ಲುತ್ತದೆ. ಮನೆಯಿಂದ ಓಡಿ ಬರುತ್ತಿರುವವರು ತಿರುವಿನಾಚೆ ಕಂಡರೂ ನಿಲ್ಲುತ್ತದೆ. ಪಟ್ಟಣದ ನೆಂಟರು ಇದನ್ನು ನೋಡಿ ಹಳ್ಳಿಯವರ ಒಳ್ಳೆಯತನ ಎಂದು ಕರಗುತ್ತಾರೆ. ಒಳ್ಳೆಯತನ ಇಲ್ಲವೆಂದಲ್ಲ. ಆದರೆ ಬಿಟ್ಟುಹೋದರೆ ಮುಂದಿನದಕ್ಕೆ ಎರಡೂವರೆ ಗಂಟೆ ಎಂಬುದು ಚಾಲಕನಿಗೂ ಗೊತ್ತು. ನಾಳೆ ಅದೇ ಮನುಷ್ಯರ ಮುಖ ನೋಡಬೇಕೆಂಬುದೂ ಗೊತ್ತು.

ಮಗಳು ಇರುವುದು ವೈಟ್‌ಫೀಲ್ಡಿನಲ್ಲಿ. ವರ್ಷಕ್ಕೆ ಮೂರು ನಾಲ್ಕು ಸಲ ಹೋಗಿಬರುತ್ತೇನೆ. ಊರಿನಿಂದ ಮಡಿಕೇರಿಗೆ ಖಾಸಗಿ ಬಸ್ಸು, ಮಡಿಕೇರಿಯಿಂದ ಕೆಂಗೇರಿಗೆ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ. ಮೊದಲಾದರೆ ಸ್ಯಾಟಲೈಟ್ ನಿಲ್ದಾಣದವರೆಗೆ ಬಂದು, ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಾರ್ಪೊರೇಷನ್ ವೃತ್ತದಲ್ಲಿ ನಿಂತು, ದೊಮ್ಮಲೂರಿನಲ್ಲಿ ನಿಂತು, ಮಾರತ್ತಹಳ್ಳಿಯಲ್ಲಿ ನಿಂತು, ಮಗಳ ಮನೆ ಮುಟ್ಟುವಾಗ ತಂದ ಒತ್ತು ಶ್ಯಾವಿಗೆ ಹಳಸುವ ಹಂತಕ್ಕೆ ಬಂದಿರುತ್ತಿತ್ತು. ಈಗ "ಕೆಂಗೇರಿಯಲ್ಲೇ ಇಳಿಯಮ್ಮ, ಮುಂದೆ ಬರಬೇಡ" ಎನ್ನುತ್ತಾಳೆ.

ಮೂರು ಟಿಕೆಟ್‌ಗಳನ್ನು ಪರ್ಸಿನಲ್ಲಿ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಲೆಕ್ಕ ಕಾಣುತ್ತದೆ. ಊರಿನಿಂದ ಮಡಿಕೇರಿಗೆ ಮೂವತ್ತು ರೂಪಾಯಿ. ಮಡಿಕೇರಿಯಿಂದ ಕೆಂಗೇರಿಗೆ, ಇನ್ನೂರ ನಲವತ್ತು ಕಿ.ಮೀ.ಗೂ ಹೆಚ್ಚು ದೂರಕ್ಕೆ, ಸೊನ್ನೆ. ಮೆಟ್ರೊಗೆ ತೊಂಬತ್ತು, 2025ರ ಫೆಬ್ರವರಿಯಲ್ಲಿ ಗರಿಷ್ಠ ದರವನ್ನು ಅರವತ್ತರಿಂದ ತೊಂಬತ್ತಕ್ಕೆ ಏರಿಸಿದರು. ಅಂದರೆ ದಾರಿಯ ಬಹುಪಾಲು ಬಿಟ್ಟಿ, ಎರಡು ತುದಿಗಳಿಗೆ ಮಾತ್ರ ದುಡ್ಡು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಇಂಥ ಲೆಕ್ಕ ಸಿಕ್ಕರೆ ಸುಮ್ಮನೆ ಬಿಡುವುದು ಕಷ್ಟ.

ಆ ಸೊನ್ನೆ ಬಂದದ್ದು 2023ರ ಜೂನ್ 11ರಿಂದ, ಶಕ್ತಿ ಯೋಜನೆಯಲ್ಲಿ. ಸರ್ಕಾರಿ ಬಸ್ಸಿನಲ್ಲಿ, ಅದೂ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ರಾಜ್ಯದ ಹೆಂಗಸರಿಗೆ ಟಿಕೆಟ್ ದರ ಇಲ್ಲ. ಹುಣಸೂರಿನಲ್ಲಿ, ಪಿರಿಯಾಪಟ್ಟಣದಲ್ಲಿ ಬಸ್ಸು ಹತ್ತುವ ಹೆಂಗಸರನ್ನು ನೋಡಿದ್ದೇನೆ. ಕಂಡಕ್ಟರ್ ಬರುವ ಮೊದಲೇ ಆಧಾರ್ ಕಾರ್ಡನ್ನು ಸೆರಗಿನ ತುದಿಯಿಂದ ಬಿಚ್ಚಿ ಹಿಡಿದಿರುತ್ತಾರೆ. ಕೈಯಲ್ಲಿರುವುದು ದುಡ್ಡಲ್ಲ, ಹಕ್ಕು ಎಂಬ ಒಂದು ಗತ್ತು. ನನಗೆ ಅದನ್ನು ನೋಡಲು ಬಹಳ ಇಷ್ಟ. ಈ ಯೋಜನೆಯನ್ನು ಹಂಗಿಸುವ ಗಂಡಸರೊಂದಿಗೆ ನಾನು ಬಸ್ಸಿನಲ್ಲೇ ಜಗಳ ಆಡಿದ್ದುಂಟು.

ಆದರೆ ಹೋದ ವರ್ಷ ಒಂದು ಶುಕ್ರವಾರ, ಸಂತೆಯ ದಿನ, ನಮ್ಮೂರ ಬಸ್ಸಿನಲ್ಲಿ ತೋಟದ ಲೈನ್‌ಮನೆಯ ಹೆಂಗಸೊಬ್ಬಳು ಅದೇ ಗತ್ತಿನಿಂದ ಆಧಾರ್ ಕಾರ್ಡು ಮುಂದೆ ಚಾಚಿದಳು. ಹೊಸದಾಗಿ ಕೆಲಸಕ್ಕೆ ಬಂದವಳಿರಬೇಕು. ಕಂಡಕ್ಟರ್ ಸಂಕೋಚದಿಂದಲೇ, "ಅಕ್ಕಾ, ಇದು ಗೌರ್ಮೆಂಟ್ ಬಸ್ಸಲ್ಲ" ಎಂದ. ಅವಳು ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು, ತಪ್ಪು ಅದರಲ್ಲೇ ಇದೆಯೇನೋ ಎಂಬಂತೆ. ಆಮೇಲೆ ಕುಪ್ಪಸದೊಳಗಿನ ಪುಟ್ಟ ಚೀಲ ತೆಗೆದು ಮೂವತ್ತು ರೂಪಾಯಿ ಎಣಿಸಿದಳು. ದಿನಗೂಲಿಯವಳು. ಪಕ್ಕದಲ್ಲಿ ಪಿಂಚಣಿ ಬರುವ ನಾನು. ಮುಂದಿನ ವಾರ ಅವಳಿಗಿಂತ ಹತ್ತು ಪಟ್ಟು ದೂರವನ್ನು ಸೊನ್ನೆಯಲ್ಲಿ ಹೋಗುವವಳಿದ್ದೆ.

ಖಾಸಗಿ ಬಸ್ಸನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕರಾವಳಿಯ ಹಾಗೆ ಕೊಡಗಿನಲ್ಲೂ ಒಳರಸ್ತೆಗಳನ್ನು ಸಾಕಿದ್ದು ಅವೇ. ಬೆಳಗಿನ ಪತ್ರಿಕೆಯ ಕಟ್ಟು, ಸೊಸೈಟಿಗೆ ಬಂದ ಗೊಬ್ಬರದ ಚೀಟಿ, ಮಡಿಕೇರಿಯ ಔಷಧ ಅಂಗಡಿಯಿಂದ ಯಾರದೋ ಬಿ.ಪಿ. ಮಾತ್ರೆ, ಎಲ್ಲವೂ ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಕೂತು ಬರುತ್ತವೆ. ಮಳೆಗಾಲದಲ್ಲಿ ಕಿಟಕಿಗಳ ಟರ್ಪಾಲು ಇಳಿಸಿದರೆ ಬಸ್ಸಿನೊಳಗೆ ನಡುಹಗಲಲ್ಲೇ ಕತ್ತಲು. ಮಡಚಿದ ಕೊಡೆಗಳಿಂದ ಇಳಿದ ನೀರು ಏರಿನಲ್ಲಿ ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ ಹರಿಯುತ್ತಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆದರೂ ಇಳಿಯುವ ಜಾಗ ಯಾರಿಗೂ ತಪ್ಪುವುದಿಲ್ಲ. ಎಡಕ್ಕೆ ವಾಲಿದೆವು, ಅಂದರೆ ಅಕ್ಕಿ ಗಿರಣಿ. ಎರಡು ಸಲ ಕುಲುಕಿತು, ಅಂದರೆ ಮೋರಿ. ಮುಂದಿನದು ನಮ್ಮನೆ. "ಹೋಲ್ಡಾನ್!"

ಮೆಟ್ರೊದಲ್ಲಿ ಆ ಕೆಲಸವನ್ನು ಒಂದು ದನಿ ಮಾಡುತ್ತದೆ. ಅಷ್ಟು ಚಂದದ ಕನ್ನಡವನ್ನು ಒಂದು ಯಂತ್ರದ ಹೊಟ್ಟೆಯಿಂದ ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ. ನಿರೂಪಕಿ ಅಪರ್ಣಾ ಅವರ ದನಿ ಅದು ಎಂದು ಮಗಳು ಮೊದಲ ಸಲ ಹೇಳಿದಾಗ, ದೂರದರ್ಶನದ ದಿನಗಳಿಂದ ಪರಿಚಯದವರು ಯಾರೋ ಪಕ್ಕದ ಸೀಟಿಗೆ ಬಂದು ಕೂತಂತಾಯಿತು. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಅದಾದ ಮೇಲೆ ನೇರಳೆ ಮಾರ್ಗದಲ್ಲಿ ಹೋದಾಗ "ಮುಂದಿನ ನಿಲ್ದಾಣ" ಎಂದು ಕೇಳುತ್ತಲೇ ಗಂಟಲು ಒಂದಿಷ್ಟು ಬಿಗಿಯಿತು. ಸುತ್ತಲಿನ ಹುಡುಗರೆಲ್ಲ ಕಿವಿಗೆ ಏನನ್ನೋ ಸಿಕ್ಕಿಸಿಕೊಂಡಿದ್ದರು, ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ.

ಒಂದು ಸಲ ಮಗಳ ಒತ್ತಾಯಕ್ಕೆ ಮಡಿಕೇರಿಯ ವಿದ್ಯುತ್ ಬಸ್ಸಿನಲ್ಲೂ ಬಂದೆ. ಅದಕ್ಕೆ ಸೊನ್ನೆ ಟಿಕೆಟ್ ಇಲ್ಲ, ಹವಾನಿಯಂತ್ರಣ ಇದೆ. ಕುಶಾಲನಗರ ದಾಟಿ ಆನೆಕಾಡಿನೊಳಗೆ ಹೊಕ್ಕಾಗ ಏನೋ ಕಳೆದುಹೋದಂತೆ ಅನಿಸಿತು. ಸುಂಟಿಕೊಪ್ಪ, ಬೋಯಿಕೇರಿಯ ಏರು ಬಂದಾಗ ಗೊತ್ತಾಯಿತು, ಗೇರಿನ ನರಳಾಟ ಇಲ್ಲ. ಚಿಕ್ಕಂದಿನಿಂದ ಆ ಏರೆಂದರೆ ಎರಡನೇ ಗೇರಿನಲ್ಲಿ ಬಸ್ಸು ಕೊರಗುವ ಸದ್ದು, ಅದಕ್ಕೆ ಸರಿಯಾಗಿ ನಮ್ಮ ಹೊಟ್ಟೆಯೊಳಗಿನ ತಳಮಳ. ಈ ಬಸ್ಸು ಬಾವಿಯ ರಾಟೆಯಷ್ಟೂ ಸದ್ದು ಮಾಡದೆ ಹತ್ತಿತು. ಮಡಿಕೇರಿಯಲ್ಲಿ ಇಳಿಯುವಾಗ ಚಾಲಕನನ್ನು ವಿಚಾರಿಸಿದೆ. ಹತ್ತುವಾಗ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇಳಿಯುವಾಗ ಬ್ರೇಕ್ ಒತ್ತಿದಷ್ಟೂ ಒಂದಿಷ್ಟು ವಾಪಸು ತುಂಬುತ್ತದೆ ಎಂದ. ಗಾಡಿಯ ವೇಗವೇ ಮೋಟಾರನ್ನು ತಿರುಗಿಸಿ ಕರೆಂಟು ಹುಟ್ಟಿಸುತ್ತದೆ, ಮೋಟಾರು ಡೈನಮೊ ಆಗುತ್ತದೆ. ಕೊಡಗನ್ನು ಬಿಟ್ಟು ಇಳಿಯುವವರಿಂದ ಬಸ್ಸಿಗೆ ಲಾಭ, ಹತ್ತಿ ಬರುವವರಿಂದ ನಷ್ಟ. ಓದಿ ಬೆಂಗಳೂರು ಸೇರಿದ ನಮ್ಮ ಮಕ್ಕಳ ಸಂಖ್ಯೆ ನೋಡಿದರೆ ಬ್ಯಾಟರಿ ಸದಾ ತುಂಬಿಯೇ ಇರಬೇಕು.

ಈಗ ನನ್ನ ಮುಖ್ಯ ಲೆಕ್ಕಕ್ಕೆ ಬರುತ್ತೇನೆ. ಬೆಂಗಳೂರಿನಿಂದ ಊರಿಗೆ ಮರಳುವ ದಿನದ ಲೆಕ್ಕ ಅದು.

ಹಿಂದೆ ಮಗಳ ಮನೆಯಿಂದ ಕೆಂಗೇರಿಗೆ ಮೂರು ಗಂಟೆ, ಕೆಂಗೇರಿಯಿಂದ ಮಡಿಕೇರಿಗೆ ಆರು. ಒಟ್ಟು ಒಂಬತ್ತು. ಮಡಿಕೇರಿಯಿಂದ ಊರಿಗೆ ಕೊನೆಯ ಬಸ್ಸು ಸಂಜೆ ಏಳೂವರೆಗೆ. ಹಾಗಾಗಿ ಬೆಳಗ್ಗೆ ಹತ್ತೂವರೆಗೆ ಹೊರಟರೆ ಸರಿಹೋಗುತ್ತಿತ್ತು. 2023ರ ಅಕ್ಟೋಬರ್ 9ರಂದು ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ, ನಲವತ್ಮೂರು ಚಿಲ್ಲರೆ ಕಿ.ಮೀ., ತಡೆಯಿಲ್ಲದೆ ಓಡತೊಡಗಿತು. ಮೂರು ಗಂಟೆಯ ದಾರಿ ಒಂದೂವರೆ ಆಯಿತು. ಅದೇ ವರ್ಷ ಮಾರ್ಚ್ 12ರಂದು ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಗಿತ್ತು. ಅದರಿಂದ ಮುಕ್ಕಾಲು ಗಂಟೆ ಉಳಿಯಿತು. (ಮದ್ದೂರು ವಡೆ ಹೋಯಿತು, ಅದು ಬೇರೆ ದುಃಖ. ಬೈಪಾಸಿನಲ್ಲಿ ಹೋಗುವ ಬಸ್ಸಿನ ಕಿಟಕಿಗೆ ಯಾರು ವಡೆ ತರುತ್ತಾರೆ?) ಒಟ್ಟು ಉಳಿತಾಯ ಎರಡೂಕಾಲು ಗಂಟೆ. ಹಾಗಾದರೆ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ, ಮಗಳ ಜೊತೆ ಊಟ ಮುಗಿಸಿ ಹೊರಡಬಹುದಲ್ಲ?

ಹೊರಡಲಾಗದು. ಏಳೂವರೆಯ ಬಸ್ಸೇ ಈಗಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಎಂದು ಎಲ್ಲ ಬಸ್ಸುಗಳೂ ನಿಂತವಲ್ಲ, ಆಮೇಲೆ ಒಂದೊಂದಾಗಿ ಮರಳಿದವು, ಇದೊಂದು ಮರಳಲಿಲ್ಲ. ಈಗ ಕೊನೆಯ ಬಸ್ಸು ಆರು ಹತ್ತಕ್ಕೆ. ಬೆಂಗಳೂರು ಕೊಟ್ಟ ಎರಡೂಕಾಲು ಗಂಟೆಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷವನ್ನು ಕೊನೆಯ ಇಪ್ಪತ್ತು ಚಿಲ್ಲರೆ ಕಿ.ಮೀ. ಕಿತ್ತುಕೊಂಡಿತು. ನನ್ನ ಪಾಲಿಗೆ ಉಳಿದದ್ದು ಐವತ್ತೈದು ನಿಮಿಷ. ಸಾವಿರಾರು ಕೋಟಿಯ ಹಳಿ, ಸಾವಿರಾರು ಕೋಟಿಯ ರಸ್ತೆ, ಎಲ್ಲ ಸೇರಿ ಮಗಳೊಂದಿಗೆ ಒಂದು ಕಾಫಿ ಹೆಚ್ಚಿಗೆ ಕುಡಿಯುವಷ್ಟು ಹೊತ್ತು. ಅದೂ ಮೈಸೂರಿನಲ್ಲಿ ಬಸ್ಸು ತಡವಾಗದಿದ್ದರೆ. ತಡವಾದರೆ ಚೇರಂಬಾಣೆವರೆಗೆ ಹೇಗೋ ಬರಬಹುದು, ಅಲ್ಲಿಂದ ಆರು ಕಿ.ಮೀ. ಆನೆ ಓಡಾಡುವ ದಾರಿಯಲ್ಲಿ ಕತ್ತಲಲ್ಲಿ ನಡೆಯುವ ವಯಸ್ಸು ನನ್ನದಲ್ಲ. ಜೀಪಿನವನು ಆರುನೂರು ಕೇಳುತ್ತಾನೆ.

ವೈಟ್‌ಫೀಲ್ಡಿನ ಮಾರ್ಗಕ್ಕೂ ಹೀಗೆ ಒಂದು ಕೊಂಡಿ ಕಳಚಿದ ಕಾಲವಿತ್ತು. 2023ರ ಮಾರ್ಚ್ 25ರಂದು ಕೃಷ್ಣರಾಜಪುರ–ವೈಟ್‌ಫೀಲ್ಡ್ ನಡುವೆ ರೈಲು ಶುರುವಾಯಿತು, ಹದಿಮೂರು ಮುಕ್ಕಾಲು ಕಿ.ಮೀ. ಆದರೆ ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದವರೆಗೆ ಎರಡು ಕಿ.ಮೀ.ನಷ್ಟು ಮಾರ್ಗ ಬಾಕಿ. ಜನ ಇಳಿದು, ಸಂಪರ್ಕ ಬಸ್ಸು ಹತ್ತಿ, ಮತ್ತೆ ಮೆಟ್ರೊ ಹತ್ತಬೇಕು. ಆರು ತಿಂಗಳು ಪತ್ರಿಕೆಗಳಲ್ಲಿ ಅದೇ ಸುದ್ದಿ. ಎರಡು ಕಿ.ಮೀ. ಇಲ್ಲದೆ ಉಳಿದದ್ದೆಲ್ಲ ಅರೆಬರೆ ಎಂದು ಎಲ್ಲರೂ ಬರೆದರು, ಸರಿಯಾಗಿಯೇ ಬರೆದರು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಮೂರೇ ರೈಲುಗಳಿಂದ ಶುರುವಾದಾಗಲೂ ಹೀಗೆಯೇ. ಇಪ್ಪತ್ತೈದು ನಿಮಿಷಕ್ಕೊಂದು ರೈಲು, ಇದೇನು ಮೆಟ್ರೊವೇ ಎಂದು ಮಗಳ ಗೆಳತಿ ಕಿಡಿಕಾರುತ್ತಿದ್ದಳು. ನಾನು ಮಾತಾಡದೆ ಕಾಫಿ ಸೋಸಿದೆ. ಅವಳ ಸಿಟ್ಟಿನಲ್ಲಿ ತಪ್ಪೇನಿಲ್ಲ. ಅಷ್ಟು ಸಿಟ್ಟು ಮಾಡಿಕೊಳ್ಳಲು ನಮ್ಮೂರಿನವರಿಗೆ ಯಾಕೆ ಬರುವುದಿಲ್ಲ ಎಂದಷ್ಟೇ ಯೋಚಿಸುತ್ತಿದ್ದೆ. ನಮ್ಮ ಆರು ಕಿ.ಮೀ. ಕಳಚಿದ್ದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಬಸ್ಸಿನ ಮಾಲೀಕರನ್ನು ಕೇಳಿದ್ದೇನೆ. ಸಂಜೆಯ ಟ್ರಿಪ್ಪಿಗೆ ಡೀಸೆಲ್ ಕಾಸೂ ಹುಟ್ಟುತ್ತಿರಲಿಲ್ಲ ಎನ್ನುತ್ತಾರೆ. ಹುಡುಗರೆಲ್ಲ ಸ್ಕೂಟರ್ ಕೊಂಡರು, ಬಸ್ಸು ರಾತ್ರಿ ಹಳ್ಳಿಯಲ್ಲೇ ತಂಗಬೇಕು, ಡ್ರೈವರ್ ಸಿಗುವುದಿಲ್ಲ. ಸುಳ್ಳಲ್ಲ. ಸರ್ಕಾರಿ ಬಸ್ಸು ಬಿಡಿ ಎಂದರೆ ಆ ಕಚೇರಿಯವರು ಪರ್ಮಿಟ್, ಟೈಮಿಂಗ್ ಎನ್ನುತ್ತಾರೆ. ಅದೂ ಸುಳ್ಳಲ್ಲ. ಎರಡು ನಿಜಗಳ ನಡುವೆ ಮಡಿಕೇರಿ ಕಾಲೇಜಿನ ಹುಡುಗಿಯರು ಐದೂವರೆಯ ಪ್ರಯೋಗಾಲಯದ ತರಗತಿಯನ್ನು ಅರ್ಧಕ್ಕೇ ಬಿಟ್ಟು ಖಾಸಗಿ ಬಸ್ ನಿಲ್ದಾಣಕ್ಕೆ ಓಡುತ್ತಾರೆ. ನಾನು ಕೆಲಸದಲ್ಲಿದ್ದಾಗ ಹತ್ತನೆಯ ತರಗತಿಗೆ ವಿಶೇಷ ಪಾಠ ಇಟ್ಟುಕೊಂಡರೂ ಇದೇ ಗೋಳು. ಪ್ರಮೇಯದ ಸಾಧನೆ ಕೊನೆಯ ಸಾಲಿಗೆ ಬಂದಾಗ ಹಿಂದಿನ ಬೆಂಚಿನಿಂದ, "ಟೀಚರ್, ಬಸ್ಸು!"

ರೈಲು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ನಮ್ಮಲ್ಲಿ ಇದ್ದಾರೆ. ಕೊಡಗು ಇಂದಿಗೂ ರೈಲು ಹಳಿ ಇಲ್ಲದ ಜಿಲ್ಲೆ. ರಾಜಾಸೀಟಿನ ಪಕ್ಕದ ಪುಟಾಣಿ ರೈಲೇ ನಮ್ಮ ರೈಲ್ವೆ ಎಂಬ ತಮಾಷೆ ಹಳೆಯದು. ಮೈಸೂರಿನ ಹತ್ತಿರದ ಬೆಳಗೊಳದಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಮಾರ್ಗದ ಮಾತು ಚುನಾವಣೆಗೊಮ್ಮೆ ಚಿಗುರುತ್ತದೆ. ಅದು ಬಂದರೂ ಕಾವೇರಿಯ ದಡದಲ್ಲಿ, ಬಯಲು ಮುಗಿಯುವಲ್ಲಿ ನಿಲ್ಲುತ್ತದೆ. ಬೆಟ್ಟ ಹತ್ತುವುದಿಲ್ಲ, ಹತ್ತುವುದೂ ಬೇಡ. ತಲಶ್ಶೇರಿ–ಮೈಸೂರು ಮಾರ್ಗ ದಕ್ಷಿಣ ಕೊಡಗನ್ನು ಸೀಳಿಕೊಂಡು ಹೋಗುತ್ತದೆ ಎಂದಾಗ ಕಾಡು, ಆನೆದಾರಿ, ಕಾವೇರಿಯ ಜಲಾನಯನ ಎಂದು ವಿರೋಧಿಸಿದವರ ಜೊತೆ ನಾನೂ ಮೆರವಣಿಗೆಯಲ್ಲಿ ನಡೆದಿದ್ದೇನೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿದಾಗ, ಸಂಪಾಜೆಯವರು ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಕರಿಕೆ ಸುತ್ತಿ ಬರಬೇಕಾಗಿತ್ತು. ಅದನ್ನು ಕಂಡವರಿಗೆ ಬೆಟ್ಟ ಕೊರೆಯುವ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ನಮಗೆ ಬೇಕಾದದ್ದು ಹಳಿಯಲ್ಲ, ಹಳೆಯ ಬಸ್ಸು.

ಭಾಗಮಂಡಲದಲ್ಲಿ ಮೇಲ್ಸೇತುವೆ ಬಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪ್ರತಿ ಮಳೆಗಾಲ ಸಂಗಮದ ನೀರು ರಸ್ತೆಗೆ ಏರಿ ನಾಪೋಕ್ಲು, ಅಯ್ಯಂಗೇರಿ ಕಡೆಯವರು ಆಚೆಯೇ ಉಳಿಯುತ್ತಿದ್ದರು. ಬೆಂಗಳೂರಿನವರು ವಾಹನಗಳ ಪ್ರವಾಹಕ್ಕೆ ಕಟ್ಟುವುದನ್ನು ನಾವು ನಿಜವಾದ ಪ್ರವಾಹಕ್ಕೆ ಕಟ್ಟಿಕೊಂಡಿದ್ದೇವೆ. ಬೇಕಾದದ್ದನ್ನು ಬೇಕಾದಲ್ಲಿ ಮಾಡಿದರೆ ಹೇಗಿರುತ್ತದೆ ಎನ್ನುವುದಕ್ಕೆ ಹತ್ತಿರದಲ್ಲೇ ಕೈ ತೋರಿಸಬಹುದಾದ ಒಂದು ಕೆಲಸ.

ನಮ್ಮ ಮನೆಯವರು ಸೈನ್ಯದಲ್ಲಿದ್ದಾಗ ಮೂರು ವರ್ಷ ಕೋಲ್ಕತ್ತದಲ್ಲಿದ್ದರು. ಅಲ್ಲಿಯ ಟ್ರಾಂ ಎಂದರೆ ಅವರಿಗೆ ಈಗಲೂ ಪ್ರೀತಿ. ಮುಂದಿನ ಡಬ್ಬಿ ಫಸ್ಟ್ ಕ್ಲಾಸು, ಅದಕ್ಕೆ ಫ್ಯಾನು, ತಾವು ಹಿಂದಿನದರಲ್ಲಿ. ಓಡುತ್ತಿರುವಾಗಲೇ ಹತ್ತಬಹುದು, ಇಳಿಯಬಹುದು, ಅಷ್ಟು ನಿಧಾನ. 1873ರಲ್ಲಿ ಕುದುರೆ ಎಳೆಯುವುದರಿಂದ ಶುರುವಾದ ಆ ಸೇವೆಯನ್ನು ಒಂದು ತುಂಡು ಪಾರಂಪರಿಕ ಮಾರ್ಗ ಮಾತ್ರ ಉಳಿಸಿಕೊಂಡು ನಿಲ್ಲಿಸುತ್ತೇವೆ ಎಂದು 2024ರಲ್ಲಿ ಅಲ್ಲಿನ ಸರ್ಕಾರ ಹೇಳಿದಾಗ ಅವರು ಪತ್ರಿಕೆ ಮಡಚಿಟ್ಟು, "ಮದ್ರಾಸಿನಲ್ಲಿ ಕಿತ್ತರು, ಬೊಂಬಾಯಿಯಲ್ಲಿ ಕಿತ್ತರು, ಇದೊಂದು ಉಳಿದಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವರಿಗೆ ನೋಡಲಿಕ್ಕಾದರೂ ಒಂದು ಇಟ್ಟಿದ್ದಾರೆ. ನಮ್ಮ ಏಳೂವರೆಯ ಬಸ್ಸನ್ನು ಅದಕ್ಕೂ ಇಟ್ಟಿಲ್ಲ" ಎಂದರು.

ಆ ಮಾತಿನಿಂದಲೇ ಒಂದು ನೋಟ್‌ಬುಕ್ ಶುರುವಾಯಿತು. ಕಚೇರಿಗೆ ಅರ್ಜಿ ಕೊಟ್ಟಾಗ, "ಸಂಜೆ ಹೊತ್ತಲ್ಲಿ ಎಷ್ಟು ಜನ ಬರುತ್ತಾರೆ ಎಂಬುದಕ್ಕೆ ಏನು ಆಧಾರ, ಟೀಚರೇ?" ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಇಲ್ಲದ ಬಸ್ಸಿಗೆ ಎಷ್ಟು ಪ್ರಯಾಣಿಕರು? ಎಂಟನೆಯ ತರಗತಿಯ ಪಠ್ಯದಲ್ಲಿ ಇಂಥ ಲೆಕ್ಕ ಇಲ್ಲ. ಈಗ ನಾನೂ, ಕಾಲೇಜಿಗೆ ಹೋಗುವ ಮೂವರು ಹುಡುಗಿಯರೂ ಸರದಿಯಂತೆ ಬರೆಯುತ್ತಿದ್ದೇವೆ. ಆರು ಹತ್ತರ ನಂತರ ಚೇರಂಬಾಣೆಯಲ್ಲಿ ಇಳಿದು, ನಮ್ಮ ಕಡೆಗೆ ಯಾರದಾದರೂ ಜೀಪು, ಪಿಕಪ್ಪು ಸಿಗುತ್ತದೆಯೇ ಎಂದು ನಿಲ್ಲುವವರ ಲೆಕ್ಕ. ಹೆಸರಿಲ್ಲ, ಹೆಂಗಸು, ಗಂಡಸು, ಮಕ್ಕಳು, ಸಾಮಾನು ಎಂದು ನಾಲ್ಕು ಕಾಲಂ. ಚೇರಂಬಾಣೆಯ ಅಂಗಡಿಯ ಜಗಲಿಯಲ್ಲಿ ಕೂತು ಬರೆಯುವಾಗ ಮೊದಲೆರಡು ದಿನ ಜನ ಇದು ಯಾವ ಪಕ್ಷದ ಸಮೀಕ್ಷೆ ಎಂದು ಕೇಳಿದರು. ಮೂರನೆಯ ದಿನದಿಂದ ತಾವಾಗಿಯೇ ಬಂದು, "ನನ್ನನ್ನು ಬರೆದಿರಾ?" ಎನ್ನತೊಡಗಿದರು.

ಮೊನ್ನೆ ಬುಧವಾರದ ಪುಟ: ಹೆಂಗಸರು ಐದು, ಗಂಡಸರು ನಾಲ್ಕು, ಮಕ್ಕಳು ಎರಡು. ಕೋಳಿ ಆಹಾರದ ಮೂಟೆ ಎರಡು, ರಿಪೇರಿಯಾಗಿ ಬಂದ ಪಂಪ್‌ಸೆಟ್ ಮೋಟಾರು ಒಂದು. ಮೋಟಾರಿಗೆ ಲಗೇಜು ಚಾರ್ಜು ಬೇರೆ ಸೇರಿಸಿದ್ದೇನೆ.